ಗಂಗವ್ವನ ಸೆರಗಿನ ಗಂಟು

ಹೋದ ವಾರ ನಾನೊಂದು ಗಂಟು ಬಿಚ್ಚಿದೆ. ಸೀರೆ ಸೆರಗಿನ ಗಂಟು. ಸೀರೆ ನನ್ನದಲ್ಲ, ಗಂಟೂ ನನ್ನದಲ್ಲ. ಬಿಚ್ಚಿದ್ದು ಸಾಲದೆಂದು ಅದರ ಮೇಲೆ ಇಸ್ತ್ರಿಯನ್ನೂ ಎಳೆದುಬಿಟ್ಟೆ.

ಉಪಕಾರ ಮಾಡಲು ಹೋದಾಗಲೇ ನನ್ನಿಂದ ಇಂಥ ಎಡವಟ್ಟು ಆಗುವುದು. (ಇದನ್ನು ಓದುತ್ತಾ ನಮ್ಮ ಮನೆಯವರು ಹೌದೌದು ಎಂದು ತಲೆ ಅಲ್ಲಾಡಿಸುತ್ತಿರುತ್ತಾರೆ.)

ಮೊದಲಿನಿಂದ ಹೇಳುತ್ತೇನೆ. ಶ್ರಾವಣದಲ್ಲಿ ನಮ್ಮ ಬಸವನ ಬಾಗೇವಾಡಿ ಕಡೆಯ ಒಂದು ಮಠದಿಂದ ಜೋಳಿಗೆ ಹೊರಡುತ್ತದೆ. ಕಾಳು, ಹಿಟ್ಟು ಬೇಡುವ ಜೋಳಿಗೆಯಲ್ಲ. ಮನೆಮನೆಗೆ ಹೋಗಿ, ನಿಮ್ಮದೊಂದು ಕೆಟ್ಟ ಚಟ ಇದರಲ್ಲಿ ಹಾಕಿ ಎಂದು ಕೇಳುವ ಜೋಳಿಗೆ. ಗುಟ್ಕಾ ಬಿಡುವವರೂ ಸಿಟ್ಟು ಬಿಡುವವರೂ ಚೀಟಿ ಬರೆದು ಹಾಕುತ್ತಾರೆ. ಇಬ್ಬಿಬ್ಬರ ಜೋಡಿ ಮಾಡಿ ಊರೂರಿಗೆ ಕಳಿಸುತ್ತಾರೆ. ಈ ವರ್ಷ ನಾನೂ ಹೊರಟೆ. ಶಾಲೆಯಿಂದ ನಿವೃತ್ತಿಯಾದ ಮೇಲೆ ನನ್ನ ಉಪದೇಶ ಕೇಳುವವರು ಮನೆಯಲ್ಲಿ ಯಾರೂ ಉಳಿದಿರಲಿಲ್ಲ.

ನನ್ನ ಜೋಡಿ ಗಂಗವ್ವ. ಹೂವಿನ ಹಿಪ್ಪರಗಿಯ ಕುರಿ ಸಾಕುವ ಮನೆಯವಳು. ಅರವತ್ತರ ಹತ್ತಿರ ವಯಸ್ಸು. ಓದು ಬರಹ ಇಲ್ಲ, ಮಾತಿಗೆ ಮಾತ್ರ ಬರವಿಲ್ಲ.

ಹೊರಡುವ ದಿನ ಮಠದ ಅಜ್ಜಾರು (ಸ್ವಾಮಿಗಳನ್ನು ನಮ್ಮ ಕಡೆ ಹೀಗೇ ಕರೆಯುವುದು) ಎಲ್ಲರನ್ನೂ ಕೂರಿಸಿ ಹೇಳಿದರು: "ಜೋಳಿಗಿ ಹೊರಾವ್ರು ಮೊದಲ ತಮ್ಮದೊಂದು ಹಾಕ್ರಿ. ಈ ತಿಂಗಳದಾಗ ನಾ ಏನ್ ಸುಧಾರಸ್ತೇನಿ ಅಂತ ಒಂದ್ ಗುರಿ ಇಟಕೋರಿ. ಜೋಡಿದಾರಿಗೆ ಹೇಳ್ರಿ. ದಿನಾ ಒಬ್ಬರಿಗೊಬ್ಬರು ನೆನಪ ಮಾಡಿ ಕೊಡ್ರಿ."

ನನ್ನ ಗುರಿ ಸುಲಭದ್ದು ಎಂದುಕೊಂಡೆ. ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ಮನೆಯಲ್ಲಿ ಹೇಳುವುದಿಲ್ಲ. ಡೈರಿಯಲ್ಲಿ ಬರೆದೆ, ಕೆಳಗೆ ಕೆಂಪು ಗೆರೆ ಎಳೆದೆ. ಫೋನಿನಲ್ಲಿ ಬೆಳಿಗ್ಗೆ ಎಂಟಕ್ಕೆ ರಿಮೈಂಡರ್ ಕೂಡ ಇಟ್ಟೆ.

ಗಂಗವ್ವ ಸೆರಗಿನ ತುದಿಗೆ ಒಂದು ಗಂಟು ಹಾಕಿದಳು. ಅಷ್ಟೇ.

"ಏನ್ ಗುರಿ ಗಂಗವ್ವ?"

"ಕೊಲ್ಹಾರದಾಗ ನನ್ನ ತಂಗಿ ಅದಾಳ್ರಿ, ನೀಲವ್ವ. ಹನ್ನೊಂದು ವರ್ಷ ಆತು, ಮಾತಿಲ್ಲ. ಶ್ರಾವಣ ಮುಗಿಯೂದ್ರಾಗ ಆಕಿ ಮನಿಗೆ ಹೋಗಿ ಒಂದ್ ಕಪ್ ಚಾ ಕುಡೀಬೇಕು. ನಾ ಹಿಂದ ಸರದ್ರ ನೀವ್ ನೆನಪ ಮಾಡ್ರಿ, ಟೀಚರ್."

"ಆತು ಬಿಡು, ನಾ ಇದ್ದೇನಲ್ಲ" ಎಂದೆ.

ಮೊದಲ ವಾರ ಸಿಂದಗಿ. ಒಬ್ಬ ವಕೀಲರು, ಊಟಕ್ಕೆ ಕೂತಾಗ ಫೋನ್ ಮುಟ್ಟುವುದಿಲ್ಲ ಎಂದು ಚೀಟಿ ಬರೆದರು. ಹಾಕುವಷ್ಟರಲ್ಲಿ ಫೋನ್ ಬಂತು. "ಒಂದ್ ನಿಮಿಷ್ರಿ" ಎಂದು ಒಳಗೆ ಹೋದವರು ತಿರುಗಿ ಬರಲಿಲ್ಲ. ಎರಡನೇ ವಾರ ಇಂಡಿ. ಲಿಂಬೆ ತೋಟದ ಹಿರಿಯರೊಬ್ಬರು ತಂಬಾಕಿನ ಚೀಲವನ್ನೇ ಜೋಳಿಗೆಗೆ ಹಾಕಿ ಕೈ ಮುಗಿದರು. ನಾವು ತೋಟ ದಾಟುವ ಮೊದಲೇ ಹಿಂದೆ ಓಡಿ ಬಂದರು. "ಚೀಲ ಅಳಿಯಾ ಕೊಡಸಿದ್ದೈತ್ರಿ. ತಂಬಾಕ ನಿಮಗ, ಚೀಲ ನನಗ!"

ನನ್ನ ಗುರಿ ಏನಾಯಿತು ಎಂದಿರಾ? ಸಿಂದಗಿಯ ಸುದ್ದಿ ಇಂಡಿಯಲ್ಲಿ ಹೇಳಿದೆ. ಇಂಡಿಯ ಸುದ್ದಿ ಮುದ್ದೇಬಿಹಾಳದಲ್ಲಿ ಹೇಳಿದೆ. (ಈಗ ಎರಡನ್ನೂ ನಿಮಗೆ ಹೇಳಿದೆ.) ಬೆಳಿಗ್ಗೆ ಎಂಟಕ್ಕೆ ಫೋನು ಬಡಿದುಕೊಂಡರೆ ಅದರ ಬಾಯಿ ಮುಚ್ಚಿಸಿ ನನ್ನ ಮಾತು ಮುಂದುವರಿಸುತ್ತಿದ್ದೆ. ಗಂಗವ್ವ ಮಾತ್ರ ಬಿಡುತ್ತಿರಲಿಲ್ಲ. "ಟೀಚರ್, ನಿಮ್ಮ ಗುರಿ!" ಎಂದು ದಿನಾ ನನ್ನ ತೋಳು ಚಿವುಟುತ್ತಿದ್ದಳು. ಅವಳ ತಂಗಿಯನ್ನು ನಾನು ಎಷ್ಟು ಸಲ ನೆನಪು ಮಾಡಿಕೊಟ್ಟೆ? ಒಂದು ಸಲವೂ ಇಲ್ಲ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಪೂರ್ತಿ ಮರೆತಿದ್ದೆ.

ಮುದ್ದೇಬಿಹಾಳದಲ್ಲಿ ಮಳೆ ಹಿಡಿಯಿತು. ತೊಯ್ದು ತೊಪ್ಪೆಯಾಗಿ ಭಕ್ತರೊಬ್ಬರ ಮನೆ ಸೇರಿದೆವು. ಮರುದಿನ ಬೆಳಿಗ್ಗೆ ಗಂಗವ್ವ ಸ್ನಾನಕ್ಕೆ ಹೋದಾಗ ನನ್ನ ಸೀರೆಯ ಜೊತೆ ಅವಳದನ್ನೂ ಇಸ್ತ್ರಿಗೆ ಹಾಕಿಕೊಂಡೆ. ಸೆರಗಿನ ತುದಿಯಲ್ಲಿ ಏನೋ ಗಂಟು ಅಡ್ಡ ಬಂತು. ಬಿಚ್ಚಿದೆ. ಎಳೆದೆ. ಒಂದು ಸುಕ್ಕೂ ಉಳಿಯಲಿಲ್ಲ.

ಗಂಗವ್ವ ಸೀರೆ ಉಟ್ಟು ಸೆರಗಿನ ತುದಿ ತಡಕಿದಳು. ಮತ್ತೆ ತಡಕಿದಳು. ಇನ್ನೊಂದು ಮೂಲೆಯನ್ನೂ ನೋಡಿದಳು.

"ಗಂಟ ಎಲ್ಲೈತ್ರಿ?"

ಆಗ ನೆನಪಾಯಿತು, ಎಲ್ಲವೂ. "ಇನ್ನೊಂದು ಹಾಕು ಗಂಗವ್ವ, ಗಂಟಿಗೇನು?" ಎಂದೆ, ಮೆಲ್ಲಗೆ.

"ಹಂಗ ಬರೂದಿಲ್ರಿ. ಹರಕಿ ಗಂಟ ಕೆಲಸ ಮುಗದ ಮ್ಯಾಲ ಬಿಚ್ಚೂದು. ಬಿಚ್ಚಿದ ಮ್ಯಾಲ ಮುಗಸಬೇಕು." ಸೆರಗು ಕೊಡವಿ ಹೆಗಲಿಗೆ ಹಾಕಿಕೊಂಡಳು. "ಖರೇ ಹೇಳ್ತೇನಿ ಟೀಚರ್. ದಿನಾ ಮುಟ್ಟಿ ಮುಟ್ಟಿ ನೋಡಾಕತ್ತಿದ್ದೆ. ಹೋಗಾಕ ಧೈರ್ಯ ಆಗವಲ್ದಾಗಿತ್ತು. ಆಕಿ ಬಾಗಲಾ ಹಾಕ್ಕೊಂಡ್ರ ನಾ ಏನ್ ಮಾಡ್ಲಿ? ಈಗ ಬಿಚ್ಚಿದಾವ್ರು ನೀವು. ನಡ್ರಿ ನನ್ನ ಜೋಡಿ."

ಹೊರಟೆವು. ಬಸ್ಸಿನಲ್ಲಿ ಗಂಗವ್ವ ತಂಗಿಯ ಮಾತೊಂದೇ ಆಡಿದಳು. ನೀಲವ್ವ ಕೊಲ್ಹಾರದಲ್ಲಿ, ಆ ಊರಿಗೇ ಹೆಸರು ತಂದ ಗಡಿಗೆ ಮೊಸರು ಮಾರುತ್ತಾಳೆ. ಅವಳ ಮೇಲಿನ ಸಿಟ್ಟಿಗೆ ಗಂಗವ್ವ ಹನ್ನೊಂದು ವರ್ಷದಿಂದ ಕೊಲ್ಹಾರದ ಮೊಸರನ್ನೇ ಬಾಯಿಗಿಟ್ಟಿಲ್ಲವಂತೆ. ನಮ್ಮ ಭಾಗದವರಿಗೆ ಇದು ಎಷ್ಟು ದೊಡ್ಡ ಸಿಟ್ಟು ಎಂದು ಬಿಡಿಸಿ ಹೇಳಬೇಕಿಲ್ಲ.

ನೀಲವ್ವ ಬಾಗಿಲಿಗೆ ಬಂದಳು. ಅಕ್ಕನನ್ನು ನೋಡಿದಳು. ಕೈ ಕದದ ಮೇಲೆ ಹೋಯಿತು. ಅಷ್ಟರಲ್ಲಿ ಅವಳ ಕಣ್ಣು ಜೋಳಿಗೆಯ ಮೇಲೆ ಬಿತ್ತು. ಜೋಳಿಗೆ ಹೊತ್ತು ಬಂದವರ ಮುಖಕ್ಕೆ ನಮ್ಮ ಕಡೆ ಯಾರೂ ಬಾಗಿಲು ಹಾಕುವುದಿಲ್ಲ.

"ಬರ್ರಿ ತಾಯಿ" ಎಂದಳು, ನನಗೆ ಮಾತ್ರ. "ಯಾವ ಚಟಾ ಹಾಕ್ಲಿ? ನನಗೇನ ಎಲಿ ಅಡಕಿ ಚಟಾನೂ ಇಲ್ರಿ."

ನಾನು ಉಪದೇಶಕ್ಕೆ ಬಾಯಿ ತೆರೆದೆ. ಗಂಗವ್ವ ತೋಳು ಚಿವುಟಿದಳು.

"ನನ್ನ ಬಿಟ್ಟ ಇರೂ ಚಟಾ ಹಾಕು, ನೀಲಾ. ನಂದೂ ಅದ ಇತ್ತು. ನಾ ಹಾಕೇನಿ."

ನೀಲವ್ವ ಜೋಳಿಗೆಗೆ ಏನೂ ಹಾಕಲಿಲ್ಲ. ಸರಕ್ಕನೆ ತಿರುಗಿ ಒಳಗೆ ಹೋದಳು. ನಾವು ಹೊಸ್ತಿಲ ಆಚೆ ನಿಂತೇ ಇದ್ದೆವು. ಗಂಗವ್ವ ಬರಿದಾದ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ವಾಪಸ್ ಹೋಗೋಣ ಎನ್ನಲು ನಾನು ತಯಾರಾಗಿದ್ದೆ.

ಒಳಗಿನಿಂದ ಕೂಗು ಬಂತು: "ಚಾಕ್ಕ ಸಕ್ರಿ ಎಷ್ಟ ಹಾಕ್ಲಿ ಅಕ್ಕಾ? ಮರತೇನಿ."

ಅತ್ತವಳು ನಾನೊಬ್ಬಳೇ. ಅವರಿಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ಬೈದಾಡುತ್ತಾ ಎರಡೆರಡು ಕಪ್ ಚಹಾ ಕುಡಿದರು. ಹೊರಡುವಾಗ ಗಂಗವ್ವನ ಕೈಯಲ್ಲಿ ಒಂದು ಗಡಿಗೆ ಮೊಸರಿತ್ತು.

ಗುರಿ ನೆನಪಿಡಲು ನಾವು ಏನೆಲ್ಲ ಮಾಡುತ್ತೇವೆ! ಡೈರಿ, ಆಪ್, ಫ್ರಿಜ್ಜಿನ ಮೇಲೆ ಹಳದಿ ಚೀಟಿ. ಗಂಗವ್ವ ಒಂದು ದಿನವೂ ತನ್ನ ಗುರಿ ಮರೆತಿರಲಿಲ್ಲ. ನೆನಪಿದ್ದೂ ಹೋಗಲಾರದೆ ಕೂತಿದ್ದಳು. ಅವಳಿಗೆ ಬೇಕಿದ್ದದ್ದು ಜೊತೆಗೆ ಬಸ್ಸು ಹತ್ತುವ ಒಬ್ಬರು. ಅಜ್ಜಾರು ಜೋಡಿ ಮಾಡಿ ಕಳಿಸಿದ್ದು ಅದಕ್ಕೇ, ನನಗೆ ತಿಳಿದಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಗಂಗವ್ವ ನನ್ನ ಸೆರಗು ಎಳೆದು ತುದಿಗೊಂದು ಗಂಟು ಬಿಗಿದಳು. "ನಂದು ಮುಗೀತು. ಇನ್ನ ನಿಮ್ಮದು." ಇದನ್ನು ಪೇಪರಿನಲ್ಲಿ ಬರೆಯಲೇ ಎಂದು ಅಕ್ಕ ತಂಗಿ ಇಬ್ಬರನ್ನೂ ಕೇಳಿಕೊಂಡೇ ಬಂದಿದ್ದೇನೆ. "ಬರೀರಿ, ಜಗಳದ ಕಾರಣ ಒಂದ್ ಬಿಟ್ಟು" ಎಂದಿದ್ದಾರೆ.

ಮನೆಗೆ ಬಂದು ಇಷ್ಟು ಹೇಳಿದ ಕೂಡಲೇ ನಮ್ಮವರ ಮೊದಲ ಪ್ರಶ್ನೆ ಅದೇ: "ಹನ್ನೊಂದು ವರ್ಷ ಮಾತ ಬಿಡೂ ಅಂಥಾದ್ದು ಏನಾಗಿತ್ತು?" ನನಗೆ ಗೊತ್ತು. ಚಹಾ ಕುಡಿಯುತ್ತಾ ಪೂರ್ತಿ ಕೇಳಿದ್ದೇನೆ. ಅಂಥ ಸುದ್ದಿ ನನಗೆ ಎಷ್ಟೋ ವರ್ಷಗಳಿಂದ ಸಿಕ್ಕಿರಲಿಲ್ಲ. ನಿಮಗೂ ಬೇಕು, ಅಲ್ಲವೇ?

ನಾಲಿಗೆಯ ತುದಿಯಲ್ಲೇ ಇದೆ. ಏನು ಮಾಡಲಿ, ಸೆರಗಿನ ತುದಿಯಲ್ಲಿ ಗಂಟೂ ಇದೆ.