ಬದುವಿನ ಪುಂಡಿಪಲ್ಯ

ಮೊನ್ನೆ ಬಳ್ಳಾರಿಯಿಂದ ಕುರುಗೋಡಿಗೆ ಬರುವ ಬಸ್ಸಿನಲ್ಲಿ ಪಕ್ಕದವರ ಚೀಲದಿಂದ ಎಣ್ಣೆಯ ವಾಸನೆ ಬಂತು. ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಕಿಟಕಿ ಸರಿಸಿ ಕೂತೆ. ಆಮೇಲೆ ದಾರಿಯುದ್ದಕ್ಕೂ ದೊಡ್ಡವ್ವನದೇ ನೆನಪು...

ಬಾದನಹಟ್ಟಿಯಲ್ಲಿ ನನ್ನ ಮೆಣಸಿನಕಾಯಿ ಹೊಲಕ್ಕೆ ಹೊಂದಿಕೊಂಡೇ ಆಕೆಯ ಹೊಲವಿತ್ತು. ನನಗೆ ಸಂಬಂಧಿಯಲ್ಲ, ಊರೆಲ್ಲ ಹಾಗೇ ಕರೆಯುತ್ತಿತ್ತು. ನವಣೆಯ ನಡುವೆ ತೊಗರಿ, ಅಲಸಂದೆ ಹಾಕುತ್ತಿದ್ದಳು. ಕೊಯ್ದ ಮೇಲೆ ಹುಲ್ಲುಕಡ್ಡಿ ಸುಡದೆ ಮಣ್ಣಿಗೇ ಹಾಸುತ್ತಿದ್ದಳು. ಎಣ್ಣೆ ಮುಟ್ಟುತ್ತಿರಲಿಲ್ಲ. ಬದುವಿನುದ್ದಕ್ಕೂ ಒಂದು ಸಾಲು ಪುಂಡಿಪಲ್ಯದ ಹುಳಿ ಸೊಪ್ಪು, ಅದು ಮಾರಲಿಕ್ಕಲ್ಲ. ಹೊಲವಿಲ್ಲದ ಕೂಲಿ ಹೆಂಗಸರು ಕೇಳದೆಯೇ ಚಿವುಟಿಕೊಂಡು ಹೋಗಬೇಕು. ಕೇಳಿದರೆ ಆಕೆಗೆ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ಗಾಳಿ ಯಾವ ಕಡೆ ಎಂದು ನೋಡದೆ ನನ್ನ ಗಿಡಗಳಿಗೆ ಎಣ್ಣೆ ಹೊಡೆದೆ. ಆಮೇಲೆ ಮರದಡಿ ರೊಟ್ಟಿ ತಿನ್ನುವಾಗ ಹೆಂಗಸರು ಪಲ್ಯ ಚಿವುಟುವುದನ್ನು ನೋಡಿದ್ದೆ ಕೂಡ. ಗಾಳಿ ಆ ಪಲ್ಯದ ಮೇಲೂ ಎಣ್ಣೆ ಒಯ್ದಿದೆಯೆಂದು ತಲೆಗೆ ಹೊಳೆಯಲೇ ಇಲ್ಲ. ದೊಡ್ಡವ್ವ ಬಂದವಳು ಒಂದು ಎಲೆ ಕಿತ್ತು ಮೂಸಿದಳು.

"ಯಾರರ ಚೂಟ್ಕೊಂಡು ಹೋದ್ರೇನಲೇ?"

"ಮೂರು ಮಂದಿ, ದೊಡ್ಡವ್ವ... ಈಗಷ್ಟ."

"ಮತ್ತ ನಿಂತೀಯಲ್ಲ, ಗಾಡಿ ತಗಿ."

ಬೈಕು ಹತ್ತಿದ್ದು ಆಕೆಗೆ ಅದೇ ಮೊದಲು. ಎರಡು ಮನೆಗಳಲ್ಲಿ ಪಲ್ಯದ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಮೂರನೆಯದರಲ್ಲಿ ಒಲೆ ಉರಿಯುತ್ತಿತ್ತು. ಆ ಮನೆಯ ಸೊಸೆ ಏಳು ತಿಂಗಳ ಬಸುರಿ. ರಕ್ತ ಕಡಿಮೆ, ಸೊಪ್ಪು ತಿನ್ನು ಎಂದು ಡಾಕ್ಟರು ಹೇಳಿದ್ದರು. ದೊಡ್ಡವ್ವ ಸೆರಗಿನಲ್ಲೇ ಹಿಡಿದು ಗಡಿಗೆ ಇಳಿಸಿದಳು.

"ಕೊಟ್ಟಿದ್ದನ್ನ ಕಸ್ಗೊಳ್ಳಾಕ ಬಂದೀಯೇನು?" ಅತ್ತೆ ರೇಗಿದಳು.

"ಹೂಂ, ವಯಸ್ಸಾಗಿ ಜಿಪುಣಿ ಆಗೀನಿ." ದೊಡ್ಡವ್ವ ಸೊಸೆಯ ಕಡೆ ತಿರುಗಿದಳು. "ಬಾಯಿಗೆ ಹಾಕ್ಕೊಂಡಿಯೇನವ್ವ?"

"ಇಲ್ಲಬೇ. ಇನ್ನೂ ಉಪ್ಪು ಸೈತ ನೋಡಿಲ್ಲ."

ನಾನು ಹೊಸ್ತಿಲ ಹತ್ತಿರವೇ ಕೂತೆ. ಅಷ್ಟು ಹಗುರವಾದ ಉಸಿರು ಮತ್ತೆಂದೂ ಬಿಟ್ಟಿಲ್ಲ.

"ಯಾಕಂತ ನಿನ್ನ ಬಾಯಿಲೇ ಹೇಳು," ಎಂದಳು ದೊಡ್ಡವ್ವ. ಹೇಳಿದೆ.

ಆ ವರ್ಷ ಬದುವಿನ ಕಡೆಯ ನಾಲ್ಕು ಸಾಲಿಗೆ ಎಣ್ಣೆ ಹೊಡೆಯುವುದನ್ನು ಬಿಟ್ಟೆ. ಆಮೇಲೆ ಎಣ್ಣೆಯಿಲ್ಲದೆ ಬೆಳೆಯುವುದು ಹೇಗೆಂದು ಆಕೆಯನ್ನೇ ಕೇಳಿ ಕೇಳಿ ಇಡೀ ಹೊಲಕ್ಕೂ ನಿಲ್ಲಿಸಿದೆ. ಮೊದಲೆರಡು ವರ್ಷ ಹುಳ ನನ್ನನ್ನು ಅಳಿಸಿತು. "ಮಣ್ಣಿಗೂ ಬ್ಯಾನಿ ಬಂದೈತಿ, ಸುಧಾರಿಸ್ಕೊಳ್ಳಾಕ ಬಿಡು," ಎನ್ನುತ್ತಿದ್ದಳು...

ದೊಡ್ಡವ್ವ ಹೋಗಿ ಎರಡು ವರ್ಷವಾಯಿತು. ನಿನ್ನೆ ಅದೇ ಸೊಸೆ, ಆಗ ಹೊಟ್ಟೆಯಲ್ಲಿದ್ದ ಮಗಳನ್ನು ಕರೆದುಕೊಂಡು ನನ್ನ ಹೊಲಕ್ಕೆ ಬಂದಿದ್ದಳು. ಹುಡುಗಿ ಈಗ ನಾನೇ ಬದುವಿಗೆ ಹಾಕಿರುವ ಪುಂಡಿಪಲ್ಯದ ಎಲೆ ಕಿತ್ತು, ತೊಳೆಯದೆ, ನಿಂತಲ್ಲೇ ಅಗಿದು ಹುಳಿಗೆ ಕಣ್ಣು ಮುಚ್ಚಿದಳು. ನನ್ನ ಎದೆ ಹಾರಲಿಲ್ಲ. ನೋಡು ದೊಡ್ಡವ್ವ, ಎನ್ನಲು ತಿರುಗಿದೆ. ಬದುವಿನ ಆಚೆ ಯಾರೂ ಇರಲಿಲ್ಲ.