ಸೋಮವಾರ ಹೆಂಚು ಇಡದ ಕಾಕು

ಮೊನ್ನೆ ಚಿತ್ತಾಪುರದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳು ಬುತ್ತಿ ಬಿಚ್ಚಿದಳು. ಬೆಳಿಗ್ಗೆ ಬಡಿದ ಜೋಳದ ರೊಟ್ಟಿ, ಬಟ್ಟೆಯೊಳಗೆ ಇನ್ನೂ ಬೆಚ್ಚಗಿತ್ತು. ಆ ವಾಸನೆಗೆ ಚಿಕ್ಕಮ್ಮನಂತಿದ್ದ ನಮ್ಮ ಪಕ್ಕದ ಮನೆಯ ರೊಟ್ಟಿ ಕಾಕು ನೆನಪಾದರು…

ಸೇಡಂನಲ್ಲಿ ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಗೋಡೆ. ಆ ಕಡೆ ಕಾಕು ಮೂವರು ಹೆಂಗಸರನ್ನು ಕೂಡಿಸಿಕೊಂಡು ರೊಟ್ಟಿ ಬಡಿದು ಮಾರುತ್ತಿದ್ದರು. ಈ ಕಡೆ ನಾನು ಮುಂದಿನ ಖೋಲಿಯಲ್ಲಿ ಹೊಸದಾಗಿ ಹೊಲಿಗೆ ಅಂಗಡಿ ತೆರೆದಿದ್ದೆ. ಹೊತ್ತು ಗೊತ್ತಿಲ್ಲ, ವಾರ ಗೊತ್ತಿಲ್ಲ, ಊಟದ ತಟ್ಟೆಯೂ ಮಶೀನಿನ ಮೇಲೆಯೇ. ಗಂಡ ಮಾತಾಡಿಸಿದರೆ ಮೈಮೇಲೆ ಹೋಗುತ್ತಿದ್ದೆ. ಕಾಕು ಮಾತ್ರ ಸೋಮವಾರ ಒಲೆಯ ಮೇಲೆ ಹೆಂಚನ್ನೇ ಇಡುತ್ತಿರಲಿಲ್ಲ.

ಅವರ ತವರು ಮುಧೋಳ. ಅಲ್ಲಿ ಅವರಪ್ಪ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ, ಅದು ಬಸವಣ್ಣನ ದಿನ. ನಮ್ಮ ಕಡೆಯ ರೈತರ ಈ ಪದ್ಧತಿಯನ್ನು ಕಾಕು ಹೊಲದಿಂದ ಒಲೆಗೆ ತಂದುಕೊಂಡಿದ್ದರು. ಕೇಳಿದರೆ, "ಎತ್ತಿಗಿ ಒಂದಿನ ಸೂಟಿ ಅದ. ನಾ ಎತ್ತಿಗಿಂತ ಕಡಿಮಿ ಏನು?" ಅನ್ನುತ್ತಿದ್ದರು.

ಆ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಗೋಡೆಯಾಚೆಯಿಂದ ಕೂಗುತ್ತಿದ್ದರು: "ಯವ್ವಾ, ಇವತ್ತ ನಿಮ್ಮನ್ಯಾಗ ಅನ್ನ!" ವಾರವಿಡೀ ರೊಟ್ಟಿ ನೋಡಿ ನೋಡಿ ಸಾಕಾಗಿರುತ್ತಿತ್ತಂತೆ. ಹಿಟ್ಟಿನಂತಾದ ನನ್ನ ಅನ್ನವನ್ನೂ ಹೊಗಳಿ ಉಣ್ಣುತ್ತಿದ್ದರು. ಅವರು ಬಂದರೆ ನಾನೂ ಮಶೀನು ಬಿಟ್ಟು ಏಳಲೇಬೇಕಿತ್ತು. ಅದೇ ಅವರ ಉಪಾಯ ಇದ್ದಿರಬೇಕು ಅಂತ ಈಗ ಅನಿಸುತ್ತದೆ…

ಒಮ್ಮೆ ಸಿಮೆಂಟ್ ಫ್ಯಾಕ್ಟರಿಯ ಕ್ಯಾಂಟೀನ್ ನಡೆಸುವಾತ ಬಂದ. ಆತನಿಗೆ ದಿನಾ ನೂರಾರು ರೊಟ್ಟಿ ಬೇಕಿತ್ತು. ಕಾಕು ಅಷ್ಟು ದೊಡ್ಡ ವ್ಯಾಪಾರ ಕಂಡವರೇ ಅಲ್ಲ. ಬೇಸಿಗೆಯಲ್ಲಿ ಕಾದು ಕೆಂಡವಾಗುವ ಅಡುಗೆ ಖೋಲಿಯ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಬೇಕೆಂಬುದು ಅವರ ಬಹುದಿನದ ಆಸೆ. ಈ ಕೆಲಸ ಸಿಕ್ಕರೆ ಅದು ಆದಂತೆಯೇ. ಕಾಕು ಎಲ್ಲಕ್ಕೂ ಹೂಂ ಅಂದು ಕೊನೆಗೆ, "ಸೋಮವಾರ ಮಾತ್ರ ಆಗಂಗಿಲ್ರಿ" ಅಂದುಬಿಟ್ಟರು. ಆತ ನಕ್ಕು ಎದ್ದು ಹೋದ.

"ಹುಚ್ಚ ಹಿಡದದೇನ್ ಕಾಕು ನಿಮಗ?" ಅಂತ ನಾನು ಹಣೆ ಚಚ್ಚಿಕೊಂಡೆ. ಆ ವಾರವೆಲ್ಲ ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದಷ್ಟೇ, ಅವರ ಹರಟೆ ಕೇಳಲಿಲ್ಲ. ಅವರಿಗೂ ಹೆದರಿಕೆಯಿತ್ತು.

ಆತ ತಿರುಗಿ ಬಂದದ್ದು ಸೋಮವಾರವೇ! ಕಾಕು ನಮ್ಮ ಮನೆಯಲ್ಲಿ ಅನ್ನ ಕಲಸುತ್ತಿದ್ದರು. "ಆಯ್ತವ್ವಾ, ಸೋಮವಾರ ಕ್ಯಾಂಟೀನ್‌ದಾಗೂ ಅನ್ನನೇ ಮಾಡಸ್ತೀನಿ. ಬರ್ರಿ, ಮಾತ ಮುಗಸೋಣ" ಅಂತ ಬಾಗಿಲಲ್ಲಿ ನಿಂತ.

ಕಾಕು ತಟ್ಟೆಯಿಂದ ತಲೆ ಎತ್ತಿ, "ಇವತ್ತ ಸೂಟಿರಿ. ನಾಳಿಗಿ ಬರ್ರಿ" ಅಂದರು.

ಮರುದಿನ ಆತ ಗೊಣಗುತ್ತಲೇ ಬಂದ. ಮುಂದಿನ ಬೇಸಿಗೆಯ ಹೊತ್ತಿಗೆ ಸ್ಲ್ಯಾಬ್ ಹಾಕಿಸಿದ್ದಾಯಿತು, ಅದರ ಕೆಳಗೆ ಕಾಕುವಿನ ಹರಟೆ ಮೊದಲಿಗಿಂತ ಜೋರಾಯಿತು.

ಕಾಕು ತೀರಿಕೊಂಡು ಎರಡು ವರ್ಷವಾಯಿತು. ನನ್ನ ಅಂಗಡಿಯೂ ಈಗ ಸೋಮವಾರ ಬಂದ್. ಹೋದ ಸೋಮವಾರ ಗಿರಾಕಿಯೊಬ್ಬರು ಫೋನ್ ಮಾಡಿ, "ಬಾಗಿಲ ಹಾಕ್ಯಾದಲ್ರಿ, ಏನರ ಆಗ್ಯಾದೇನು?" ಅಂತ ಗಾಬರಿಯಿಂದ ಕೇಳಿದರು. "ಏನೂ ಆಗಿಲ್ರಿ, ಉಣ್ಣಾಕತ್ತೀನಿ. ನಾಳಿಗಿ ಬರ್ರಿ" ಅಂದೆ. ಹೇಳಿದ ಮೇಲೆ ನನಗೇ ನಗು ತಡೆಯಲಾಗಲಿಲ್ಲ. ಇದನ್ನು ಕಾಕುಗೆ ಹೇಳಬೇಕು ಅಂತ ಎಂಜಲು ಕೈಯಲ್ಲೇ ಗೋಡೆಯ ಹತ್ತಿರ ಓಡಿದೆ…

ಅವರ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಬಟ್ಟೆ ಒಣಹಾಕುತ್ತಿದ್ದಳು. "ಏನ್ರೀ ಅಕ್ಕಾ?" ಅಂದಳು. ಎಂಜಲು ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡೆ.

"ಏನಿಲ್ಲವ್ವಾ… ಊಟ ಆತೇನು?" ಅಂತ ಕೇಳಿದೆ.