ಜ್ವರ ತಂದವಳು ನೀನಲ್ಲ, ರತ್ನಮ್ಮ

ರತ್ನಮ್ಮ, ನಿನ್ನ ತಂಗಿ ಗಂಗೆಯನ್ನು ಕೊಂದ ಮಲೇರಿಯಾವನ್ನು ನೀನು ಊರಿನಿಂದ ತರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ತಂದವಳು ನೀನೇ ಎಂದು ಬರೆದೆ – ನನ್ನ ಕೈಯಾರೆ, ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಿದ್ದಿಸಿದ ಆ ಚೆಂದದ ಅಕ್ಷರದಲ್ಲಿ.

ಈ ಕಾಗದವನ್ನು ಯಾರಾದರೂ ನಿನಗೆ ಓದಿ ಹೇಳಬೇಕು. ನಿನಗೆ ತೆಲುಗಿನಲ್ಲಿ ಸಹಿ ಹಾಕಲಷ್ಟೇ ಬರುತ್ತಿತ್ತು. ಆ ಸಹಿಯನ್ನೂ ನಾನೇ ಹಾಕಿಸಿಕೊಂಡಿದ್ದೆ, ರಕ್ತ ತೆಗೆಯಲು ಒಪ್ಪಿಗೆ ಎಂದು.

ಆಗ ಮಡಕಶಿರದ ಕಡೆಯಿಂದ ಹೆಣ್ಣುಮಕ್ಕಳು ಗುಂಪುಗುಂಪಾಗಿ ರಾಯದುರ್ಗದ ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಬರುತ್ತಿದ್ದ ಕಾಲ. ಮಲೇರಿಯಾದ ಪರಾವಲಂಬಿ ಕೂಲಿಗೆ ಹೋಗಿಬರುವ ಜನರ ಜೊತೆ ಬಸ್ಸು ಹತ್ತಿ ಊರೂರು ತಿರುಗುತ್ತದೆ – ಇದು ನನ್ನ ಥಿಯರಿ. ಜ್ವರ ಬಂದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಸ್ಲೈಡಿಗೆ ಹಚ್ಚಿ, ಒಂದೇ ಪ್ರಶ್ನೆ ಕೇಳುತ್ತಿದ್ದೆ: ಊರಿಗೆ ಹೋಗಿ ಎಷ್ಟು ದಿನವಾಯಿತು? ಈಚೆಗೆ ಹೋಗಿಬಂದಿದ್ದರೆ ‘ಇಂಪೋರ್ಟೆಡ್’, ಹೊರಗಿನಿಂದ ತಂದದ್ದು. ಹೋಗಿರದಿದ್ದರೆ ‘ಲೋಕಲ್’, ಇಲ್ಲಿಯದೇ. ನನ್ನ ಇಡೀ ಸಂಶೋಧನೆ ‘ಇಂಪೋರ್ಟೆಡ್’ ಎಂಬ ಆ ಒಂದು ಪದದ ಮೇಲೆ ನಿಂತಿತ್ತು.

ಯೂನಿಟ್ಟಿನ ಹಿಂದೆ ಪ್ಯಾಂಟ್ ತೊಳೆಯುವ ನೀರಿನ ಸಿಮೆಂಟ್ ತೊಟ್ಟಿ. ಅದರ ಪಕ್ಕದಲ್ಲೇ ನೀವು ಮಲಗುತ್ತಿದ್ದ ಕೋಣೆ. ನಾನು ಉದ್ದ ಹಿಡಿಯ ಬಿಳಿ ಸೌಟಿನಲ್ಲಿ ತೊಟ್ಟಿಯ ನೀರು ಮೊಗೆದು ಸೊಳ್ಳೆಮರಿ ಹುಡುಕುತ್ತಿದ್ದರೆ ನೀನು ಮಿಷನ್ ನಿಲ್ಲಿಸಿ ಕೂಗುತ್ತಿದ್ದೆ: “ಏ ಗಂಗೀ, ಎಲೆ ಹಾಕೇ! ಡಾಕ್ಟ್ರಮ್ಮ ಸಾರು ಬಡ್ಸಾಕೆ ಬಂದವ್ರೆ!” ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸೌಟಿನಲ್ಲಿ ಮರಿಗಳಿದ್ದವು. ಬಾಟಲಿಯಲ್ಲಿ ಸಾಕಿ ನೋಡಿದೆ – ಮಲೇರಿಯಾ ಹರಡುವ ಜಾತಿಯೇ.

ದಸರಾ ಕಳೆದ ಮೇಲೆ ನಿನಗೆ ಚಳಿಜ್ವರ ಬಂತು. ಮೈಕ್ರೋಸ್ಕೋಪಿನಲ್ಲಿ ನೋಡಿದೆ, ಕುಡುಗೋಲಿನಂತೆ ಬಾಗಿದ, ಮಿದುಳಿಗೇರಬಲ್ಲ ಆ ಕೆಟ್ಟ ಜಾತಿಯ ಪರಾವಲಂಬಿ. ಪ್ರಶ್ನೆ ಕೇಳಿದೆ.

“ಉಗಾದಿಗೆ ಹೋಗಿದ್ದೇ ಕಣಮ್ಮ. ಆಮ್ಯಾಕೆ ಎಲ್ಲೋಗಾನ? ಒಂದಿನ ತಪ್ಪಿದ್ರೆ ನನ್ ಮಿಷನ್ನಾಗೆ ಇನ್ನೊಬ್ಳು ಕುಂತಿರ್ತಾಳೆ.”

ಅಂದರೆ ಲೋಕಲ್. ಅಂದರೆ ಆ ತೊಟ್ಟಿ.

ಯೂನಿಟ್ಟಿನ ಮಾಲೀಕರಿಗೆ ಹೇಳಿದೆ. “ತೊಟ್ಟಿ ಖಾಲಿ ಮಾಡಿದ್ರ ಕೆಲಸ ನಿಂತೋಗ್ತೈತ್ರಿ, ಡಾಕ್ಟರಮ್ಮ. ನಿಮಗ ಕೂಡಾಕ ಜಾಗ ಕೊಟ್ಟೀನಿ, ಹುಡುಗೀರ ರಕ್ತ ತಗೊಳ್ರಿ ಅಂದೀನಿ. ನಿಮ್ಮ ಪುಸ್ತಕದಾಗ ನಮ್ಮ ತೊಟ್ಟಿ ಯಾಕ ಬರಬೇಕ್ರಿ?” ಎಂದರು. ಅವರು ಬಾಗಿಲು ಮುಚ್ಚಿದರೆ ನನ್ನ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು ನಿಜ. ಆದರೆ ತಪ್ಪನ್ನು ಅವರ ಮೇಲೆ ಹಾಕಲಾರೆ. ಅವರು ಕೇಳಿದರು, ಅಷ್ಟೇ. ಪೆನ್ನು ನನ್ನ ಕೈಯಲ್ಲಿತ್ತು. ಥಿಯರಿಗೆ ಅಡ್ಡ ಬಂದ ನಿನ್ನನ್ನು ಕಂಡು ನನಗೆ – ಹೇಗೆ ಹೇಳಲಿ – ನಿನ್ನ ಮೇಲೆ ಸಿಟ್ಟು ಬಂದಿತ್ತು, ರತ್ನಮ್ಮ. ‘ಇಂಪೋರ್ಟೆಡ್’ ಎಂದು ಬರೆದೆ.

ನಿನಗೆ ಮಾತ್ರೆ ಕೊಟ್ಟೆ, ನೀನು ಎದ್ದು ಕುಳಿತೆ. ನನ್ನ ವರದಿ ನಂಬಿ, ಜ್ವರ ಅಲ್ಲಿಂದಲೇ ಬಂದದ್ದೆಂದು, ಸೊಳ್ಳೆ ಔಷಧ ಸಿಂಪಡಿಸುವವರು ಪಂಪು ಹೊತ್ತು ನಿನ್ನ ಊರಿಗೆ ಹೋದರು. ತೊಟ್ಟಿಯ ಹತ್ತಿರ ಯಾರೂ ಬರಲಿಲ್ಲ. ಕೆಲವೇ ವಾರಗಳಲ್ಲಿ ಗಂಗೆ ಮಲಗಿದಳು. ಪ್ಯಾಂಟಿನ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಹುಡುಗಿ, ಮದುವೆ ಗೊತ್ತಾಗಿತ್ತು. ಜ್ವರ ತಲೆಗೇರಿ, ಬಳ್ಳಾರಿಯ ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ –

ಮೂರನೆಯ ದಿನ ಊರಿನಲ್ಲಿದ್ದ ನಿಮ್ಮ ಮನೆಗೆ ಬಂದೆ. ನಿನ್ನಮ್ಮ ಗೋಡೆಗೆ ಒರಗಿ ಕುಳಿತಿದ್ದರು. ನೀನು ನನ್ನ ಕೈ ಹಿಡಿದು ಕೇಳಿದೆ: “ನಾನೇ ತಂದ್ನಾ ಡಾಕ್ಟ್ರಮ್ಮ? ಉಗಾದಿಲಿ ಬಂದಿದ್ದು ಮೈಯಾಗೇ ಅವಿತ್ಕಂಡಿತ್ತಾ?”

ನಿನ್ನಮ್ಮ ನನ್ನ ಬಾಯನ್ನೇ ನೋಡುತ್ತಿದ್ದರು.

ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಅಡಗಿ ಕೂರುವ ಮಲೇರಿಯಾ ಬೇರೆ ಇದೆ. ನಿನ್ನದು ಅದಲ್ಲ. ಸ್ಲೈಡ್ ನೋಡಿದ್ದವಳು ನಾನು. ಇಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು – ಹಾಗಾದರೆ ಎಲ್ಲಿಂದ ಬಂತು? ಆ ಪ್ರಶ್ನೆಗೆ ಹೆದರಿ ಹೇಳಿದೆ:

“ಇರಬಹುದು.”

ಆಮೇಲೆ ನನ್ನ ಸಂಶೋಧನೆಯ ಪೇಪರ್ ಅಚ್ಚಾಯಿತು. ಹೆಸರು ಬಂತು, ಹುದ್ದೆ ಬಂತು. ಡೇಟಾ ಎಂದರೆ ಪ್ರಾಮಾಣಿಕತೆ ಎಂದು ಎಷ್ಟೋ ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದೆ.

ಹೋದ ತಿಂಗಳು ನಿಮ್ಮ ಊರಿನ ನರ್ಸಮ್ಮ ಒಂದು ತರಬೇತಿಗೆ ಬಂದಿದ್ದಳು. ನಿನ್ನ ಹೆಸರು ಹೇಳಿ ವಿಚಾರಿಸಿದೆ. “ಅಯ್ಯೋ, ರತ್ನಮ್ಮುಂದಾ? ತಂಗೀನ ತಿಂದ್ಕಂಡೋಳು ಅಂತ ಅವ್ರಮ್ಮ ಸಾಯೋಗಂಟ ಅವಳ ಕೈಲಿ ಒಂದು ಲೋಟ ನೀರು ಇಸ್ಕಳಲಿಲ್ಲ ಮೇಡಂ. ಹೋದ ಬ್ಯಾಸಿಗೇಲಿ ತೀರ್ಕಂಡ್ರು.” ಇಷ್ಟು ವರ್ಷ. ಒಂದೇ ಸೂರಿನಡಿ. ನನ್ನ ಒಂದು ‘ಇರಬಹುದು’ – ಅದನ್ನು ತೆಗೆದುಹಾಕಲು ಒಂದು ಗಳಿಗೆ ಸಾಕಿತ್ತು, ಒಂದು ಬಸ್ಸು ಸಾಕಿತ್ತು. ಈಗ ನಿಜ ಯಾರಿಗೆ ಬೇಕಿತ್ತೋ ಅವರೇ ಇಲ್ಲ.

ಪೇಪರ್ ಅಚ್ಚು ಹಾಕಿದವರಿಗೆ ಬರೆದಿದ್ದೇನೆ: ಆ ದಾಖಲೆ ಸುಳ್ಳು, ಬರೆದವಳು ನಾನು. ಅದರಿಂದ ನಿನಗೇನೂ ಆಗುವುದಿಲ್ಲ. ಗುರುವಾರ ನಿನ್ನ ಊರಿಗೆ ಬರುತ್ತೇನೆ. ಒಳಗೆ ಕರೆಯಬೇಡ, ಬೀದಿಯಲ್ಲೇ ನಿಂತು, ನಿನ್ನನ್ನು ಆಡಿಕೊಂಡ ಬಾಯಿಗಳೆಲ್ಲ ಕೇಳುವಂತೆ ಹೇಳುತ್ತೇನೆ. ಕ್ಷಮಿಸು ಎನ್ನುವುದಿಲ್ಲ. ಅಂದರೆ ನೀನು ತಕ್ಷಣ ಕಣ್ಣೊರೆಸಿಕೊಂಡು, “ಬಿಡಿ ಡಾಕ್ಟ್ರಮ್ಮ, ಆಗಿದ್ದಾಯ್ತು” ಎಂದುಬಿಡುತ್ತೀಯ – ನೀನು ಅಂಥವಳು.

ಹಾಗೆ ಮಾತ್ರ ಅನ್ನಬೇಡ, ರತ್ನಮ್ಮ.